ಬಡಿಸಿದ ಕೈ

ವಡ್ಡು ಊರಿನ ಜಂಬವ್ವ ಯಾವತ್ತೂ ಕೇಳಿ ಬಡಿಸಿದವಳಲ್ಲ. ತಾಟಿನಲ್ಲಿ ರೊಟ್ಟಿ ಅರ್ಧ ಆಯಿತೆಂದರೆ ಇನ್ನೊಂದು ಬಂದು ಬಿತ್ತೆಂದೇ ಲೆಕ್ಕ. ಸಾಕು ಅನ್ನುವವರು ಎರಡೂ ಕೈ ಅಡ್ಡ ಹಿಡಿದು ತಾಟಿನ ಮೇಲೆ ಬಗ್ಗಿ ಕೂತರೂ ಬಿಡದೆ ಸಂದಿಯಲ್ಲಿ ತೂರಿಸುವ ಹೆಂಗಸು. ಉಣ್ಣುವವರನ್ನು ಬೇಕೇನು ಎಂದು ಕೇಳುವುದೂ ಒಂದೇ, ಮನೆಗೆ ಬಂದವರನ್ನು ಯಾವಾಗ ಹೋಗುತ್ತೀರಿ ಎಂದು ಕೇಳುವುದೂ ಒಂದೇ ಅನ್ನುತ್ತಿದ್ದಳು. ಇಂಥವಳ ಕೈಗೆ ಬಸವಕುಮಾರ್ ಸರ್ ನಲವತ್ತು ಹುಡುಗರ ಹೊಟ್ಟೆ ಒಪ್ಪಿಸಿದ್ದರು.

ಸರ್ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಆಟದ ಮೇಷ್ಟ್ರು. ಪ್ರತಿ ಬೇಸಿಗೆ ರಜೆಯಲ್ಲಿ ಕಾಲೇಜಿನ ಮೈದಾನದಲ್ಲೇ ಹಳ್ಳಿ ಹುಡುಗರಿಗೆ ಕಬಡ್ಡಿ ಕ್ಯಾಂಪು ನಡೆಸುತ್ತಿದ್ದರು. ಅವರ ಕೈಯಲ್ಲಿ ಪಳಗಿದವರು ಪೊಲೀಸಿನಲ್ಲಿದ್ದರು, ರೈಲ್ವೆಯಲ್ಲಿದ್ದರು, ಹಬ್ಬಕ್ಕೆ ಊರಿಗೆ ಬಂದರೆ ಮೊದಲು ಸರ್ ಕಾಲಿಗೆ ಬಿದ್ದು ಆಮೇಲೆ ಮನೆಗೆ ಹೋಗುತ್ತಿದ್ದರು. ಕಂಪ್ಲಿಯಿಂದ, ಡ್ಯಾಂ ಕಡೆಯಿಂದ, ಸಂಡೂರಿನ ಹಳ್ಳಿಗಳಿಂದ ತಂದೆ ತಾಯಿ ಮಕ್ಕಳನ್ನು ಕರೆತಂದು ಅವರ ಮುಂದೆ ನಿಲ್ಲಿಸಿ, ಹೊಡೆದರೂ ನಮ್ಮದೇನೂ ತಕರಾರಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಸರ್ ಯಾರನ್ನೂ ಹೊಡೆಯುತ್ತಿರಲಿಲ್ಲ. ಬೆವರಿದ ಹುಡುಗನ ತಲೆಯನ್ನು ತಮ್ಮ ಟವೆಲಿನಿಂದಲೇ ಒರೆಸುತ್ತಿದ್ದರು. ಅಂಥವರು ಮೋಸ ಮಾಡುತ್ತಾರೆಂದು ಯಾರಾದರೂ ಅಂದಿದ್ದರೆ ಜಂಬವ್ವ ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಎರಡು ವರ್ಷದ ಹಿಂದೆ ಅವರು ವಡ್ಡಿಗೆ ಬಂದಿದ್ದರು. ಊರ ಬಯಲಲ್ಲಿ ಜಂಬವ್ವನ ಮಗ ಮರಿಸ್ವಾಮಿ ಆಡುವುದನ್ನು ಕಂಡು ಬೈಕು ನಿಲ್ಲಿಸಿದವರು ಆಟ ಮುಗಿಯುವ ತನಕ ಕದಲಲಿಲ್ಲವಂತೆ. ಆಮೇಲೆ ಹುಡುಗನನ್ನು ಹಿಂದೆ ಕೂರಿಸಿಕೊಂಡು ನೇರ ಮನೆಗೇ ಬಂದರು. ಜಂಬವ್ವನ ಗಂಡ ಅದಿರು ಲಾರಿಯ ಡ್ರೈವರು. ಚೀನಾಕ್ಕೆ ಹೋಗುವ ಅದಿರನ್ನು ಬಂದರಿಗೆ ಮುಟ್ಟಿಸುವುದು, ಬರುವುದು, ಮಲಗುವುದು, ಮತ್ತೆ ಹೋಗುವುದು, ಅಷ್ಟೇ ಅವನ ಬದುಕು. ಕಾಲೇಜಿನ ಮೇಷ್ಟ್ರೊಬ್ಬರು ಮನೆಗೆ ಬಂದದ್ದು ಅದೇ ಮೊದಲು. ಕೆಂಪು ಧೂಳು ಕೂತಿದೆ ಎಂದು ಜಂಬವ್ವ ಕಂಬಳಿಯನ್ನು ಝಾಡಿಸಿದ್ದೇ ಝಾಡಿಸಿದ್ದು. ಸರ್ ನಕ್ಕು, ಧೂಳಿದ್ದಲ್ಲೇ ಕೂತು, ಚಹಾ ಕುಡಿದರು.

"ಇವನ್ನ ಲಾರಿ ಹತ್ತಿಸಬ್ಯಾಡವ್ವಾ. ನನಗ ಕೊಡು," ಅಂದರು. "ಜಿಲ್ಲಾ ಟೀಮಿಗೆ ಹೋದ್ನಂದ್ರ ಸರ್ಕಾರದ ಕ್ರೀಡಾ ಹಾಸ್ಟೆಲ್ ಸಿಗ್ತೈತಿ. ಊಟ, ಓದು ಎಲ್ಲಾ ಅವರ್ದ. ಇವತ್ತಿಂದ ಇವ ನನ್ನ ಮಗ ಅಂತ ತಿಳಕೋ."

ನನ್ನ ಮಗ ಅಂದರು. ಅಷ್ಟು ಸಾಕಾಯಿತು. ವಡ್ಡಿನಲ್ಲಿ ಮೀಸೆ ಚಿಗುರುತ್ತಿದ್ದಂತೆ ಹುಡುಗರು ಶಾಲೆ ಬಿಟ್ಟು ಲಾರಿಯ ಕ್ಲೀನರ್ ಆಗಿ ಹತ್ತಿಬಿಡುತ್ತಿದ್ದ ಕಾಲ ಅದು. ಕೈಗೆ ದುಡ್ಡು, ಜೇಬಿಗೆ ಮೊಬೈಲು, ಕಣ್ಣಿಗೆ ನಿದ್ದೆಯಿಲ್ಲ. ಪಕ್ಕದ ಮನೆಯ ಭೀಮವ್ವನ ಮಗ ಹಾಗೆ ಹತ್ತಿದವನು ಘಾಟಿನಲ್ಲಿ ಲಾರಿ ಮಗುಚಿ ಕಾಲು ಕಳೆದುಕೊಂಡು ಕಟ್ಟೆ ಮೇಲೆ ಕೂತಿದ್ದ. ಅವನನ್ನು ಕಂಡಾಗಲೆಲ್ಲ ಜಂಬವ್ವ ಮಗನನ್ನು ಕೂಗಿ ಒಳಗೆ ಕರೆಯುತ್ತಿದ್ದಳು. ತನ್ನ ಮಗ ಒಬ್ಬ ಆ ಲಾರಿಗಳಿಂದ ತಪ್ಪಿಸಿಕೊಂಡರೆ ಸಾಕು, ಅವಳಿಗೆ ದೇವರ ಹತ್ತಿರ ಬೇರೆ ಏನೂ ಕೇಳುವುದಿರಲಿಲ್ಲ.

ಈ ಬೇಸಿಗೆ ಸರ್ ಅವಳನ್ನೂ ಕರೆಸಿಕೊಂಡರು. ಅಡಿಗೆಯವನು ಕೈಕೊಟ್ಟಿದ್ದಾನೆ, ನೀನೇ ಬಂದುಬಿಡು, ಮಗನೂ ಕಣ್ಣ ಮುಂದೆ ಇರುತ್ತಾನೆ ಅಂದರು. ಮೈದಾನದ ಮೂಲೆಯ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿ ಜಂಬವ್ವ ರೊಟ್ಟಿ ಬಡಿಯತೊಡಗಿದಳು. ಬೆಳಿಗ್ಗೆ ಹಾಲು, ತತ್ತಿ, ಮಧ್ಯಾಹ್ನ ರೊಟ್ಟಿ, ಕಾಳುಪಲ್ಲೆ, ಅನ್ನ. ಖರ್ಚೆಲ್ಲ ಕೊಟ್ರಯ್ಯನವರದು. ಸಂಡೂರು ರಸ್ತೆಯಲ್ಲಿ ಅವರದೊಂದು ಅದಿರು ರಾಶಿ ಹಾಕುವ ಪ್ಲಾಟು, ಬಾಗಿಲಲ್ಲೇ ಲಾರಿ ತೂಗುವ ವೇಬ್ರಿಡ್ಜು. ಹುಡುಗರ ಬೂಟು ಅವರದು, ಅಂಗಿ ಅವರದು, ಕಡೆಗೆ ಹುಡುಗರನ್ನು ತೂಗುವ ಮಷೀನು ಕೂಡ ಅವರ ಪ್ಲಾಟಿನಿಂದಲೇ ಬಂದಿತ್ತು. ಅವರ ಮಗ ಚನ್ನವೀರನೂ ಕ್ಯಾಂಪಿನಲ್ಲಿದ್ದ. ಮೈ ತುಂಬಿಕೊಂಡ, ನಗುಮುಖದ ಹುಡುಗ. ಆಟ ಅಷ್ಟಕ್ಕಷ್ಟೆ.

ಹುಡುಗರ ಈ ಆಟದಲ್ಲಿ ತೂಕದ್ದೇ ದೊಡ್ಡ ಕಾಟ. ಐವತ್ತೈದು ಕೆಜಿ ದಾಟಿದವನನ್ನು ಎಷ್ಟೇ ಚೆನ್ನಾಗಿ ಆಡಿದರೂ ಅಂಗಳಕ್ಕೇ ಬಿಡುವುದಿಲ್ಲ. ಕ್ಯಾಂಪು ಮುಗಿಯುವ ದಿನ ಬಳ್ಳಾರಿಯಲ್ಲಿ ಜಿಲ್ಲಾ ಟೀಮಿನ ಆಯ್ಕೆ. ಅಲ್ಲಿ ಮೊದಲು ತೂಗಿ ಆಮೇಲೆ ಆಡಿಸುತ್ತಾರೆ. ಅದಕ್ಕೇ ಸರ್ ಪ್ರತಿ ಸೋಮವಾರ ಒಬ್ಬೊಬ್ಬರನ್ನೂ ಮಷೀನು ಹತ್ತಿಸುತ್ತಿದ್ದರು. ಮೊದಲ ಸೋಮವಾರ ಮರಿಸ್ವಾಮಿ ಐವತ್ತಕ್ಕೆ ನಿಂತ. ಸರ್ ಶೆಡ್ಡಿಗೆ ಬಂದು, ಹುಡುಗನ ಮೈಯಲ್ಲಿ ಕಸುವೇ ಇಲ್ಲವಲ್ಲ, ಹಿಡಿದರೆ ಮುರಿದು ಬೀಳುತ್ತಾನೆ, ಇವನಿಗೆ ಎರಡು ತತ್ತಿ ಹೆಚ್ಚು ಹಾಕು, ರಾತ್ರಿ ತುಪ್ಪ ಹಾಕು ಅಂದರು. ತಾಯಿಗೆ ಇದಕ್ಕಿಂತ ಸಿಹಿ ಮಾತು ಯಾವುದಿದ್ದೀತು! ಉಳಿದ ಹುಡುಗರ ಕಣ್ಣಿಗೆ ಬೀಳದಿರಲಿ ಎಂದು ತತ್ತಿಯನ್ನು ಅನ್ನದೊಳಗೆ ಹುಗಿಸಿ ಕೊಡುತ್ತಿದ್ದಳು. ಅದೂ ಸರ್ ಹೇಳಿಕೊಟ್ಟ ಉಪಾಯವೇ. ಭೇದ ಮಾಡುತ್ತೀ ಎಂದು ಹುಡುಗರು ಅಂದಾರು, ಮುಚ್ಚಿ ಕೊಡು ಅಂದಿದ್ದರು.

ಕಡೆಯ ವಾರಕ್ಕೆ ಮಗನ ಕೆನ್ನೆ ತುಂಬಿತು, ತೋಳು ಬಂತು. ಮಷೀನು ಐವತ್ತೆರಡು ತೋರಿಸಿತು. ಇನ್ನೂ ಜಾಗ ಇದೆ, ಹಾಕು ಅಂದರು ಸರ್. ಅದೇ ವಾರ ಚನ್ನವೀರನ ತಾಟಿನಿಂದ ತತ್ತಿ ಹೋಯಿತು. ಕೊಟ್ರಯ್ಯನವರದು ತತ್ತಿ ಹೊಸ್ತಿಲು ದಾಟದ ಮನೆ, ಹುಡುಗ ಇಲ್ಲಿ ಕದ್ದು ತಿನ್ನುತ್ತಿರುವುದು ಅವರಜ್ಜಿಗೆ ಗೊತ್ತಾಗಿದೆ, ಇನ್ನು ಕೊಡಬೇಡ, ಅವನ ಪಾಲಿನದೂ ಮರಿಸ್ವಾಮಿಗೇ ಹಾಕು ಅಂದರು. ಜಂಬವ್ವ ನಂಬಿದಳು. ನಂಬದೇ ಇರುವಂಥ ಮಾತೂ ಅದಲ್ಲ. ಎರಡು ದಿನ ಬಿಟ್ಟು, ಚನ್ನವೀರನ ಹೊಟ್ಟೆ ಕೆಟ್ಟಿದೆ, ರೊಟ್ಟಿ ಬೇಡ, ಮಜ್ಜಿಗೆ ಸಾಕು ಎಂದು ಹೇಳಿಕಳಿಸಿದರು. ಹೊಟ್ಟೆ ಕೆಟ್ಟ ಹುಡುಗ ಉರಿಬಿಸಿಲಲ್ಲಿ ಎರಡು ಅಂಗಿ ತೊಟ್ಟುಕೊಂಡು ಮೈದಾನ ಸುತ್ತುವುದೇಕೆ ಎಂದು ಅವಳಿಗೆ ಅನ್ನಿಸಲಿಲ್ಲ. ಪಾಪ, ದೊಡ್ಡ ಮನೆಯ ಮಗ, ಒಂದು ರೊಟ್ಟಿಗೆ ಮುಖ ನೋಡುವಂತಾಯಿತಲ್ಲ ಎಂದು ಮರುಗಿದಳು. ಒಂದು ದಿನ ಸರ್ ಕಣ್ಣು ತಪ್ಪಿಸಿ ಅರ್ಧ ರೊಟ್ಟಿ ಕೊಡಲು ಹೋದಳು. ಹುಡುಗ ಬೇಡವೆಂದು ಓಡಿಹೋದ.

ಆಯ್ಕೆಯ ದಿನ ಹುಡುಗರು ಕೊಟ್ರಯ್ಯನವರ ಎರಡು ಜೀಪಿನಲ್ಲಿ ಬಳ್ಳಾರಿಗೆ ಹೋದರು. ಜಂಬವ್ವ ಗೋಧಿ ಹುಗ್ಗಿಗೆ ಇಟ್ಟಳು. ಕ್ಯಾಂಪಿನ ಕಡೆಯ ಊಟ, ಹುಡುಗರ ತಂದೆ ತಾಯಿಯೂ ಬಂದಿದ್ದರು. ಬೆಲ್ಲ ಕರಗಿಸುತ್ತಾ, ನಮ್ಮ ಮರಿಸ್ವಾಮಿ ಹಾಸ್ಟೆಲಿಗೆ ಹೋದರೆ ಟ್ರಂಕು ಒಯ್ಯಬೇಕೋ ಚೀಲ ಸಾಕೋ ಎಂದು ಯಾರದೋ ತಾಯಿಯನ್ನು ವಿಚಾರಿಸಿದ್ದೂ ಆಯಿತು.

ಜೀಪು ಬಂತು. ಚನ್ನವೀರನ ಕೊರಳಲ್ಲಿ ಹೂವಿನ ಹಾರ. ಮರಿಸ್ವಾಮಿ ಹಿಂದಿನ ಬಾಗಿಲಿನಿಂದ ಇಳಿದು, ಯಾರ ಮುಖವನ್ನೂ ನೋಡದೆ ಹೋಗಿ ಬೇವಿನ ಮರದ ಬುಡದಲ್ಲಿ ಕೂತ. ಜಂಬವ್ವ ಸೌಟು ಹಿಡಿದುಕೊಂಡೇ ಓಡಿದಳು. ತೂಕ ಐವತ್ತಾರು ಬಂತು, ಆಡಲಿಕ್ಕೇ ಬಿಡಲಿಲ್ಲ, ಅವನ ಜಾಗಕ್ಕೆ ಚನ್ನವೀರನನ್ನು ತೆಗೆದುಕೊಂಡರು ಎಂದು ಇನ್ನೊಬ್ಬ ಹುಡುಗ ಹೇಳಿದ. ಸೋಮವಾರ ಐವತ್ತೆರಡು ಇತ್ತಲ್ಲ, ವಾರದೊಳಗೆ ನಾಲ್ಕು ಕೆಜಿ ಹೇಗೆ ಏರಿತು ಎಂದು ಅವಳು ಕೇಳುತ್ತಿರುವಾಗಲೇ ಸರ್ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ನಲವತ್ತು ಹುಡುಗರು, ಅವರ ತಂದೆ ತಾಯಿ, ಎಲ್ಲರೂ ಕೇಳುವ ಹಾಗೆ ಹೇಳಿದರು.

"ಎಂಥಾ ಕೆಲಸ ಮಾಡಿದ್ಯವ್ವಾ ಜಂಬವ್ವ. ಅನ್ನದಾಗ ತತ್ತಿ ಹುಗಸಿ ಹುಗಸಿ ಹಾಕೀಯಂತ, ಹುಡುಗರು ನೋಡ್ಯಾರ. ತಾಯಿ ಕರುಳು, ಬೈಲಿಕ್ಕೂ ಬಾಯಿ ಬರವಲ್ದು ನನಗ. ಆದ್ರ ನಿನ್ನ ಕೈಯಾರೆ ಅವನ್ನ ಹಾಳ ಮಾಡಿದಿ."

ಜಂಬವ್ವ ಕೈಯಲ್ಲಿದ್ದ ಸೌಟು ಕೆಳಗಿಳಿಸಿದಳು. ನೀವೇ ಹೇಳಿದ್ದಲ್ಲವಾ ಸಾರ್ ಎಂದು ಅನ್ನಬೇಕಿತ್ತು. ಮಗನ ಕಡೆ ನೋಡಿದಳು. ಅವನಿಗೆ ಗೊತ್ತು. ಸರ್ ಶೆಡ್ಡಿಗೆ ಬಂದು ಹೇಳಿದಾಗ ಅವನು ಅಲ್ಲೇ ನೀರು ಕುಡಿಯುತ್ತಾ ನಿಂತಿದ್ದ. ಒಂದು ಮಾತು ಹೇಳಿದರೆ ಸಾಕಿತ್ತು. ಮರಿಸ್ವಾಮಿ ನೆಲ ನೋಡುತ್ತಾ ಬೂಟಿನ ದಾರ ಬಿಚ್ಚತೊಡಗಿದ.

ಆದರೂ ಹುಗ್ಗಿ ಬಡಿಸಬೇಕಲ್ಲ. ಬಡಿಸಿದಳು. ಕೊಟ್ರಯ್ಯನವರು ಎರಡನೆಯ ಸಲ ಹಾಕಿಸಿಕೊಂಡು, ಇಂಥಾ ಕೈರುಚಿ ಇದ್ದರೆ ಹುಡುಗ ತಾನೇ ಏನು ಮಾಡ್ಯಾನು ಅಂದರು. ಕೆಟ್ಟದಾಗಿ ಅಂದದ್ದಲ್ಲ, ಚೇಷ್ಟೆಗೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಚನ್ನವೀರ ಮಾತ್ರ ನಗಲಿಲ್ಲ, ತಲೆ ಎತ್ತದೆ ಗಬಗಬ ತಿನ್ನುತ್ತಿದ್ದ. ಕಡೆಯಲ್ಲಿ ಕೂತಿದ್ದ ಮರಿಸ್ವಾಮಿ ನಕ್ಕ. ಎಲ್ಲರೂ ನಗುವಾಗ ನಗಬೇಕಲ್ಲ ಅನ್ನುವ ಹಾಗೆ ಒಂದಿಷ್ಟೇ ನಕ್ಕ. ಜಂಬವ್ವ ಅದನ್ನು ಕಂಡಳು.

ಚನ್ನವೀರ ತಿನ್ನುತ್ತಿದ್ದ ಪರಿಯನ್ನೂ ನಿಂತು ನೋಡಿದಳು. ಹೊಟ್ಟೆ ಕೆಟ್ಟವನು ತಿನ್ನುವ ತಿನ್ನಾಟವಲ್ಲ ಅದು, ದಿನಗಟ್ಟಲೆ ಉಪವಾಸ ಬಿದ್ದವನದು. ಒಬ್ಬನಿಗೆ ಮಜ್ಜಿಗೆ, ಒಬ್ಬನಿಗೆ ತುಪ್ಪ. ಒಬ್ಬನನ್ನು ಇಳಿಸಿದ್ದೂ ಒಬ್ಬನನ್ನು ಏರಿಸಿದ್ದೂ ಇದೇ ಸೌಟು. ಅಯ್ಯೋ ನನ್ನ ಹಣೆಬರಹವೇ, ಇಷ್ಟು ದಿನ ನಾನು ಯಾರ ಅಡಿಗೆ ಮಾಡಿದೆ ಎಂದು ಒಳಗೇ ಕುದಿದಳು.

ಜನ ಚದುರಿದ ಮೇಲೆ ಮಗನನ್ನು ಸಾಮಾನಿನ ಕೋಣೆಗೆ ಕರೆದಳು. ಮೂಲೆಯಲ್ಲಿ ಆ ತೂಕದ ಮಷೀನು, ಪಕ್ಕದಲ್ಲಿ ಹೊಲಿಗೆ ಬಿಚ್ಚದ ಕಂಪ್ಲಿ ಅಕ್ಕಿಯ ಚೀಲ. ಐವತ್ತು ಕೆಜಿಯ ಚೀಲ ಎಂದು ಮಿಲ್ಲಿನವರು ಮೇಲೆ ದಪ್ಪಗೆ ಅಚ್ಚು ಹಾಕಿದ್ದರು. ಹಿಡಿ ಅಂದಳು. ಇಬ್ಬರೂ ಸೇರಿ ಚೀಲವನ್ನು ಮಷೀನಿನ ಮೇಲೆ ಇಟ್ಟರು. ಮುಳ್ಳು ನಲವತ್ತಾರಕ್ಕೆ ನಿಂತಿತು.

ಪ್ಲಾಟಿನ ಮಷೀನು ತಾನೆ! ಅವಳ ಗಂಡನೇ ಎಷ್ಟು ಸಲ ನಕ್ಕು ಹೇಳಿಲ್ಲ. ಲಾರಿಯಲ್ಲಿ ಅದಿರು ತುಂಬಿ ತುಳುಕುತ್ತಿದ್ದರೂ ಆ ಬಾಗಿಲಲ್ಲಿ ಕಡಿಮೆಯೇ ತೋರಿಸುತ್ತದಂತೆ, ಮುಂದೆ ಚೆಕ್‌ಪೋಸ್ಟಿನಲ್ಲಿ ತಡೆಯುವವರೂ ನಮ್ಮವರೇ ಇರುತ್ತಾರಂತೆ. ಆ ದಿನಗಳಲ್ಲಿ ಅದನ್ನು ತಪ್ಪೆಂದು ಯಾರು ಅಂದುಕೊಂಡಿದ್ದರು? ಅರ್ಧ ಊರಿನ ಒಲೆ ಅದರಿಂದಲೇ ಉರಿಯುತ್ತಿತ್ತು. ಅವಳ ಒಲೆಯೂ.

"ನೋಡಿದೇನು?" ಅಂದಳು ಮಗನಿಗೆ. "ನಿಮ್ಮ ಸರ್ರು ನಂಬಿಸಿ ಕುತ್ತಿಗಿ ಕೊಯ್ದಾರ."

ಮರಿಸ್ವಾಮಿ ಮುಳ್ಳಿನ ಕಡೆ ನೋಡಲೇ ಇಲ್ಲ. "ನನಗ ಗೊತ್ತಿತ್ತವ್ವ," ಅಂದ.

ಆಮೇಲೆ ತಡೆತಡೆದು ಹೇಳಿದ. ಎರಡನೆಯ ವಾರ ಹುಡುಗರೆಲ್ಲ ರೈಲ್ವೆ ಸ್ಟೇಷನ್ನಿಗೆ ಹೋದಾಗ ಅಲ್ಲಿಯ ಕಾಸು ಹಾಕುವ ಮಷೀನು ಹತ್ತಿದ್ದನಂತೆ. ಆಗಲೇ ಐವತ್ತೈದಕ್ಕೆ ಬಂದಿದ್ದ. ಹೆದರಿ ಸರ್ ಹತ್ತಿರ ಓಡಿದ. ಸರ್ ಅವನ ತಲೆ ಸವರಿ, ಬಳ್ಳಾರಿಯಲ್ಲಿ ತೂಗುವವರು ನಮ್ಮವರೇ, ಲಾರಿ ದಾಟಿದ ಹಾಗೆ ದಾಟಿಸುತ್ತೇನೆ, ನೀನು ಉಂಡು ಗಟ್ಟಿಯಾಗು, ನಿಮ್ಮವ್ವನಿಗೆ ಹೇಳಬೇಡ, ಹೆದರುತ್ತಾಳೆ ಅಂದರಂತೆ. ಇವನು ನಂಬಿದ. ಈ ಊರ ಹುಡುಗರಲ್ಲದೆ ಇನ್ಯಾರು ಅದನ್ನು ನಂಬುತ್ತಿದ್ದರು! ಹುಟ್ಟಿದಾಗಿನಿಂದ ಕಂಡದ್ದೇ ಅದು, ತೂಕ ಅಂದರೆ ಹೇಳಿ ಸರಿಮಾಡಿಸುವುದು ಎಂದು. ಬಳ್ಳಾರಿಯಲ್ಲಿ ಮಷೀನು ಹತ್ತುವಾಗಲೂ ಸರ್ ಮುಖ ನೋಡಿ ನಕ್ಕಿದ್ದನಂತೆ. ಸರ್ ಕೈಕಟ್ಟಿ ನಿಂತಿದ್ದರು, ಬಾಯಿ ಬಿಡಲಿಲ್ಲ. ಅಲ್ಲಿ ತೂಗುವವರು ಯಾರ ಕಡೆಯವರೂ ಆಗಿರಲಿಲ್ಲ.

ಇಷ್ಟು ಕೇಳಿ ಜಂಬವ್ವ ಮಗನನ್ನು ಅಪ್ಪಿಕೊಳ್ಳಬೇಕೆಂದೇ ಕೈ ಚಾಚಿದ್ದಳು. ಅವನ ಮಾತು ಮುಗಿದಿರಲಿಲ್ಲ.

"ಜೀಪಿನಾಗ ಸರ್ ಹೇಳಿದ್ರು. ಮುಂದಿನ ವರ್ಷ ಹಾಸ್ಟೆಲ್ ಖರೇನ ಕೊಡಿಸ್ತೀನಿ, ಈಗ ಬಾಯಿ ಬಿಡಬ್ಯಾಡ ಅಂತ. ನಿಮ್ಮವ್ವನ ತಪ್ಪಂದ್ರ ನಿನ್ನ ಹೆಸರು ಕೆಡೂದಿಲ್ಲ ಅಂದ್ರು."

"ನೀ ಏನಂದಿ?"

"ಹೂಂ ಅಂದೆ."

ಚಾಚಿದ ಕೈ ಹಿಂದೆ ಬಂತು. ಸೆರಗು ಸರಿಮಾಡಿಕೊಂಡಳು, ಅದಕ್ಕೇ ಎತ್ತಿದ್ದೆ ಅನ್ನುವ ಹಾಗೆ. ಅಂದರೆ ಅಲ್ಲಿ ಎಲ್ಲರ ಮುಂದೆ ಸರ್ ಹಾಗಂದಾಗ ಇವನಿಗೆ ಮೊದಲೇ ಗೊತ್ತಿತ್ತು. ಬರುತ್ತದೆಂದು ಗೊತ್ತಿದ್ದು, ಮರದ ಬುಡದಲ್ಲಿ ಕೂತು ಕಾಯುತ್ತಿದ್ದ. ಸರ್ ಮಾಡಿದ್ದು ಹೊರಗಿನವರ ಮೋಸ, ಶಾಪ ಹಾಕಿ ಒಂದು ದಿನ ಮರೆತಾಳು. ಇದನ್ನು ಎಲ್ಲಿಡಬೇಕು ಎಂದೇ ಅವಳಿಗೆ ತಿಳಿಯಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವನು ಹೂಂ ಅಂದಿದ್ದ.

ಹೊರಡುವ ಮುಂಚೆ ಸರ್ ಇದ್ದ ಕೋಣೆಗೆ ಹೋದಳು. ಮಗ ಬೇಡವೆಂದು ಸೆರಗು ಹಿಡಿದ, ಬಿಡಿಸಿಕೊಂಡು ಹೋದಳು. ಕೂಗಾಡಲಿಲ್ಲ. ಅಕ್ಕಿ ಚೀಲ ತೂಗಿದೆ ಸಾರ್ ಅಂದಳು. ಸರ್ ಅವರ ಟವೆಲು ಕುರ್ಚಿಯ ಮೇಲಿತ್ತು, ಅದನ್ನು ಮಡಿಸಿದರು.

"ಈ ಕ್ಯಾಂಪು ಹೆಂಗ ನಡೀತೈತಿ ಅಂತ ತಿಳದೀಯವ್ವಾ? ಕೊಟ್ರಯ್ಯ ಕೈ ಎತ್ತಿದ್ರ ಮುಂದಿನ ವರ್ಷ ನಲವತ್ತು ಹುಡುಗರೂ ಲಾರಿ ಹತ್ತತಾರ. ಒಬ್ಬನ್ನ ನೋಡ್ಲೋ, ನಲವತ್ತು ಮಂದೀನ ನೋಡ್ಲೋ ನಾನು?"

"ಆ ಒಬ್ಬನ್ನ ನನ್ನ ಮಗ ಅಂದಿದ್ರಿ," ಅಂದಳು ಜಂಬವ್ವ. "ಇರ್ಲಿ ಸಾರ್. ನಿಮ್ಮ ಮಗ ಅಲ್ಲ ಅವ, ಕೆಡಿಸಿದ್ರಿ. ನನ್ನ ಮಗ ಆಗಿದ್ದ, ಅದನ್ನೂ ಕಸಗೊಂಡ್ರಿ. ನಿಮ್ಮ ಮನಿಯಾಗ ಮಕ್ಕಳು ಉಣ್ಣಾಕ ಕುಂತಾಗ ನನ್ನ ಕೈ ನೆನಪಾಗ್ಲಿ ನಿಮಗ."

ಉತ್ತರಕ್ಕೆ ಕಾಯದೆ ಹೊರಗೆ ಬಂದಳು.

ಬಸ್ಸಿನಲ್ಲಿ ತಾಯಿ ಮಗ ಒಂದೇ ಸೀಟಿನಲ್ಲಿ ಕೂತರು. ಎದುರಿನಿಂದ ಸಾಲಾಗಿ ಅದಿರಿನ ಲಾರಿಗಳು ಬರುತ್ತಿದ್ದವು, ಬಸ್ಸು ಪಕ್ಕಕ್ಕೆ ಇಳಿದು ಇಳಿದು ದಾರಿ ಬಿಡುತ್ತಿತ್ತು. ಮರಿಸ್ವಾಮಿ ಕಿಟಕಿ ಮುಚ್ಚಿದ. ಯಾರಿಗೂ ಹೇಳಬೇಡವ್ವ, ಹೇಳಿದರೆ ಮುಂದಿನ ವರ್ಷವೂ ಹೋಗುತ್ತದೆ ಎಂದು ಒಂದೇ ಸಲ ಅಂದ. ಮುಂದಿನ ವರ್ಷ ಅನ್ನುವುದು ಇಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಅವನಿಗೆ ಗೊತ್ತಾಗಿರಲಿಲ್ಲ. ಅದನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಮನಸ್ಸಾಗದೆ ಸುಮ್ಮನಾದಳು.

ವಡ್ಡಿನಲ್ಲಿ ಇಳಿಯುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿತ್ತು. ಭೀಮವ್ವ ಕಟ್ಟೆಯಿಂದಲೇ ಕರೆದು, ಅಲ್ಲ ಜಂಬಿ, ಅಷ್ಟು ತಿನಿಸುವುದಾ ಹುಡುಗನಿಗೆ, ಬಂದ ಭಾಗ್ಯ ಕೈಯಾರೆ ಕಳೆದೆಯಲ್ಲೇ ಎಂದು ಲೊಚಗುಟ್ಟಿದಳು. ಪಕ್ಕದಲ್ಲಿ ಅವಳ ಮಗ ಇಲ್ಲದ ಕಾಲಿನ ಮೇಲೆ ಟವೆಲು ಹೊದ್ದು ಕೂತಿದ್ದ. ಮರಿಸ್ವಾಮಿ ತಾಯಿಯ ಹಿಂದೆಯೇ ನಿಂತಿದ್ದ. ಜಂಬವ್ವ ಎರಡು ಉಸಿರಿನಷ್ಟು ಹೊತ್ತು ಕಾದಳು, ಇವನು ಈಗಲಾದರೂ ಬಾಯಿ ಬಿಟ್ಟಾನೇನೋ ಎಂದು. ಬಿಡಲಿಲ್ಲ. ಹೌದವ್ವ, ನನ್ನದೇ ತಪ್ಪು ಎಂದು ಹೇಳಿ ಬೀಗ ತೆಗೆದಳು.

ದೀಪ ಹಚ್ಚುವ ಹೊತ್ತಿಗೆ ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ಎಂದಿನಂತೆ ಮರಿಸ್ವಾಮಿ ಒಲೆಯ ಮುಂದೆ ತಾಟು ಹಾಕಿಕೊಂಡು ಕೂತ. ಒಂದು ರೊಟ್ಟಿ ಹಾಕಿ, ಮೇಲೆ ಪಲ್ಲೆ ಹಾಕಿದಳು. ಅವನು ತಲೆ ಬಗ್ಗಿಸಿ ತಿಂದ. ರೊಟ್ಟಿ ಅರ್ಧ ಆಯಿತು, ಮುಗಿಯಿತು. ಅವನು ಖಾಲಿ ತಾಟಿನ ಅಂಚು ಹಿಡಿದುಕೊಂಡು ಕಾದ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವನ ತಾಟು ಖಾಲಿಯಾಗಿ ನಿಂತದ್ದಿರಲಿಲ್ಲ.

ಜಂಬವ್ವ ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ತೆಗೆದಳು. ಕೈಯಲ್ಲಿ ಹಿಡಿದುಕೊಂಡೇ ಅವನ ಮುಖ ನೋಡಿದಳು.

"ಬೇಕೇನು?" ಎಂದು ಕೇಳಿದಳು.